ನಾಲೆಯ ಕೊನೇ ಭಾಗಕ್ಕೆ ಬಾರದ ಹಾಡು

ಮಂಡ್ಯ ಜಿಲ್ಲೆಯ ಯಾವ ಊರಿಗೆ ಬೇಕಾದರೂ ಹೋಗಿ, ಟೀ ಅಂಗಡಿ ಮುಂದೆ ಕೂತವರನ್ನ ‘ಕಟ್ಟೇಲಿ ನೀರು ಎಷ್ಟೈತೆ?’ ಅಂತ ಕೇಳಿ. ಕನ್ನಂಬಾಡಿ ಕಟ್ಟೆಯ ಅವತ್ತಿನ ಮಟ್ಟವನ್ನ ಅಡಿ ಲೆಕ್ಕದಲ್ಲಿ ಹೇಳ್ತಾರೆ. ಪೂರ್ತಿ ತುಂಬಿದರೆ 124.80 ಅಡಿ ಅನ್ನೋದು ಇಲ್ಲಿ ಶಾಲೆ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಕಾವೇರಿ ಬಗ್ಗೆ ಭಾಷಣ ಕೇಳಿದ್ದೇವೆ, ಘೋಷಣೆ ಕೂಗಿದ್ದೇವೆ, ಕೋರ್ಟಿನ ಲೆಕ್ಕವನ್ನ ಟಿಎಂಸಿಯಲ್ಲಿ ಕಲಿತಿದ್ದೇವೆ. ಆದರೆ ಕಾವೇರಿಯೇ ಬಾಯಾರಿ ನಿಂತು ಮಾತಾಡುವ ಒಂದು ರಾಕ್ ಹಾಡು ಇದೆ, ಅದನ್ನ ಮಾಡಿದವರು ನಮ್ಮ ಪಕ್ಕದ ಮೈಸೂರಿನಲ್ಲಿ ಹುಟ್ಟಿದ ಬ್ಯಾಂಡಿನವರು ಅಂತ ಎಷ್ಟು ಜನಕ್ಕೆ ಗೊತ್ತು?

ನಾನು ಕೇಳಿನೋಡಿದವರಲ್ಲಿ ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೆ ಗೊತ್ತಿತ್ತು. ಅವರಲ್ಲಿ ಇಬ್ಬರು ಕೇರಳದವರು, ಒಬ್ಬ ಪುಣೆಯವನು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನನ್ನ ನೆಂಟರಿಷ್ಟರಲ್ಲಿ, ಕ್ಲಾಸ್‌ಮೇಟುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಹಾಡು ಯಾರ ಕುರಿತು ಹುಟ್ಟಿತೋ ಅವರನ್ನ ಬಿಟ್ಟು ಉಳಿದವರಿಗೆಲ್ಲ ತಲುಪಿದ್ದು ಹೇಗೆ? ಈ ವಾರದ ಅಂಕಣ ಅದರ ಬಗ್ಗೆ.

ಬ್ಯಾಂಡಿನ ಹೆಸರು ಸ್ವರಾತ್ಮ. ಮುಖ್ಯ ಗಾಯಕ ವಾಸು ದೀಕ್ಷಿತ್. ಮೈಸೂರಿನಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆದ ತಂಡ. ಗಿಟಾರ್, ಬೇಸ್, ಡ್ರಮ್ಸ್ ಜೊತೆಗೆ ಪಿಟೀಲು ಮತ್ತು ನಮ್ಮ ಕಡೆಯ ತಾಳವಾದ್ಯಗಳು. ವೇದಿಕೆ ಮೇಲೆ ವಾಸು ಸೊಂಟಕ್ಕೆ ಕುದುರೆ ಬೊಂಬೆ ಕಟ್ಟಿಕೊಂಡು ಕುಣಿದದ್ದನ್ನ ನೋಡಿದವರಿಗೆ ಅದು ಹೊಸ ಫ್ಯಾಷನ್ ಅನ್ನಿಸಿರಬಹುದು. ನಮ್ಮ ಜಾತ್ರೆಗಳಲ್ಲಿ ಕೀಲುಕುದುರೆ ನೋಡಿ ಬೆಳೆದವರಿಗೆ ಅದು ಹಳೇ ಪರಿಚಯ.

ಅವರ ಮೊದಲ ಆಲ್ಬಂ ಬಂದದ್ದು 2009ರಲ್ಲಿ, ಇಎಂಐ ಕಂಪನಿಯಿಂದ. ಅದಕ್ಕೂ ಬ್ಯಾಂಡಿನ ಹೆಸರೇ, ‘ಸ್ವರಾತ್ಮ’. ಅದರಲ್ಲಿ ‘ಈ ಭೂಮಿ’ ಅನ್ನೋ ಕನ್ನಡದ ಹಾಡೂ ಇದೆ, ಹಿಂದಿ ಹಾಡುಗಳೂ ಇವೆ. ನಾನು ಹೇಳುತ್ತಿರುವುದು ಹಿಂದಿಯ ‘ಪ್ಯಾಸಿ’ ಬಗ್ಗೆ. ಅಂದರೆ ಬಾಯಾರಿದವಳು. ಬಾಯಾರಿದವಳು ಬೇರೆ ಯಾರೂ ಅಲ್ಲ, ಎಲ್ಲರ ಬಾಯಾರಿಕೆ ತಣಿಸಬೇಕಾದ ಕಾವೇರಿ.

ಈ ಹಾಡು ಯಾವ ಹೊತ್ತಿನಲ್ಲಿ ಬಂತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. 2002ರಲ್ಲಿ ಮಳೆ ಕೈಕೊಟ್ಟು, ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದು, ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಮಾಡಿದ್ದರು. 2007ರ ಫೆಬ್ರವರಿ 5ರಂದು ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಇಲ್ಲಿ ಆಕ್ರೋಶ ಭುಗಿಲೆದ್ದಿತು. ಹೈವೇ ಬಂದ್, ಟೈರಿಗೆ ಬೆಂಕಿ, ಶಾಲೆಗೆ ರಜೆ. ಆ ರಜೆಯ ಖುಷಿ, ಮನೆಯಲ್ಲಿ ದೊಡ್ಡವರ ಮುಖದ ಮೇಲಿನ ಚಿಂತೆ, ಎರಡೂ ನನ್ನ ವಯಸ್ಸಿನವರಿಗೆ ನೆನಪಿರುತ್ತೆ.

ಅಂಥ ಹೊತ್ತಿನಲ್ಲಿ ಒಂದು ಬ್ಯಾಂಡು ‘ನಮ್ಮ ನೀರು ನಮ್ಮದು’ ಅಂತ ಹಾಡಿದ್ದರೆ ಇಲ್ಲಿ ಶಿಳ್ಳೆ ಬೀಳುತ್ತಿತ್ತು. ‘ನೀರು ಎಲ್ಲರದ್ದು’ ಅಂತ ಉಪದೇಶ ಮಾಡಿದ್ದರೆ ಕಲ್ಲು ಬೀಳುತ್ತಿತ್ತೇನೋ. ಅವರು ಎರಡನ್ನೂ ಮಾಡಲಿಲ್ಲ. ಹಾಡುವವಳ ಜಾಗದಲ್ಲಿ ನದಿಯನ್ನೇ ನಿಲ್ಲಿಸಿದರು. ನದಿಗೆ ಈ ಕಡೆ ದಡ ಆ ಕಡೆ ದಡ ಎರಡೂ ಒಂದೇ. ತನ್ನ ಹೆಸರಲ್ಲಿ ಹೊಡೆದಾಡುವ ಮಕ್ಕಳನ್ನ ನೋಡುವ ತಾಯಿಯ ಸಂಕಟ ಅದು. ಇದು ಸುಲಭದ ಆಯ್ಕೆ ಅಲ್ಲ. ಕಾವೇರಿ ವಿಷಯದಲ್ಲಿ ಪಕ್ಷ ಹಿಡಿಯದೆ ಮಾತಾಡೋದು ಮಂಡ್ಯದಲ್ಲಿ ಇವತ್ತಿಗೂ ಕಷ್ಟ.

ಹಾಗಾದರೆ ಅದು ಇಲ್ಲಿಗೆ ಯಾಕೆ ಬರಲಿಲ್ಲ? ಥಟ್ ಅಂತ ಬರೋ ಉತ್ತರ, ‘ಹಿಂದಿಯಲ್ಲಿದೆ, ಅದಕ್ಕೆ’. ಮಳವಳ್ಳಿ ಕಡೆ ಇರುವ ನಮ್ಮ ದೊಡ್ಡಪ್ಪನಿಗೆ ಒಮ್ಮೆ ಫೋನಲ್ಲಿ ಈ ಹಾಡು ಹಾಕಿ, ಅರ್ಥ ಬಿಡಿಸಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

‘ಎಲ್ಲಾ ಸರಿ ಮಗ, ಕಾವೇರಮ್ಮ ಇಂದೀಲಿ ಯಾಕ್ಲಾ ಮಾತಾಡ್ತಾಳೆ?’ ಅಂದರು.

‘ದೇಶಕ್ಕೆಲ್ಲ ಅರ್ಥ ಆಗ್ಲಿ ಅಂತ ಇರ್ಬೇಕು ದೊಡ್ಡಪ್ಪ.’

‘ದೇಸಕ್ಕೆ ಅರ್ತ ಆಗಿ ಏನಾಗ್ಬೇಕಾಗದೆ? ಜಗಳ ಆಡ್ತಿರೋರು ನಾವು, ಅವ್ರು. ನಮ್ಗೆ ಕನ್ನಡ್ದಲ್ ಯೋಳ್ಬೇಕು, ಅವ್ರಿಗೆ ತಮಿಳಲ್ ಯೋಳ್ಬೇಕು. ಮದ್ಯದಲ್ಲಿ ಡೆಲ್ಲಿಗ್ ಯೋಳುದ್ರೆ ಕೋರ್ಟಿಗ್ ಓದಂಗೆ ಆಯ್ತು.’

ಹಾಡಿನ ವಿಮರ್ಶೆ ಇದಕ್ಕಿಂತ ಚೊಕ್ಕವಾಗಿ ಯಾರೂ ಮಾಡಿರಲಾರರು. ಆದರೂ ಭಾಷೆ ಒಂದೇ ಕಾರಣ ಅಂತ ನನಗೆ ಅನ್ನಿಸಲ್ಲ. ಯಾಕೆ ಅಂತ ಹೇಳಲು ಇನ್ನೊಂದು ಆಲ್ಬಮಿನ ಕತೆಗೆ ಹೋಗಬೇಕು. ಅದು ಇದೇ ಮನೆಯದ್ದು.

ವಾಸು ಅವರ ಅಣ್ಣ ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಚಿನ್ನದ ಪದಕ, ಭರತನಾಟ್ಯ ಕಲಿತವರು. ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ ಬಿಟ್ಟು ಹಾಡಲು ವಾಪಸ್ ಬಂದರು. ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದರು. ಆಮೇಲೆ ವರ್ಷಗಟ್ಟಲೆ ಮುಂಬೈನ ಆಡಿಯೋ ಕಂಪನಿಗಳ ಬಾಗಿಲು ತಟ್ಟಿದ್ದೇ ಬಂತು, ಯಾರೂ ಆಲ್ಬಂ ತರಲು ಒಪ್ಪಲಿಲ್ಲ. ಕೊನೆಗೆ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಜೋಡಿ ಇವರ ಹಾಡು ಕೇಳಿ, ತಮ್ಮದೇ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಲೇಬಲ್ಲಿನಿಂದ 2008ರಲ್ಲಿ ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಹೊರತಂದರು.

ಆ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ತತ್ವಪದಗಳೂ ಇವೆ. ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. ಶರೀಫರು 1889ರಲ್ಲೇ ತೀರಿಕೊಂಡವರು. ಅವರ ಪದಗಳನ್ನ ಸಿ. ಅಶ್ವಥ್ ಅವರು ನಮ್ಮ ಮನೆಮನೆಗೆ ಮುಟ್ಟಿಸಿದ್ದರು, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಆ ಕೆಲಸವನ್ನ ಪೂರ್ತಿ ಮಾಡಿತ್ತು. ಅದೇ ಪದಗಳಿಗೆ ರಘು ಗಿಟಾರು, ಡ್ರಮ್ಸ್ ಕೊಟ್ಟರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಇಂಗ್ಲೆಂಡಿನ ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯಲ್ಲಿ ಈ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು. ಕನ್ನಡದ ತತ್ವಪದ ಇರುವ ಆಲ್ಬಂ ಲಂಡನ್ನಿನಲ್ಲಿ ಗೆದ್ದಿತ್ತು.

ಈಗ ಮಂಡ್ಯದ ಸ್ಥಿತಿ ನೋಡಿ. ಇಲ್ಲಿ ರಘು ದೀಕ್ಷಿತ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಈ ಆಲ್ಬಮಿನಿಂದ ಅಲ್ಲ. ಅದೇ 2008ರಲ್ಲಿ ಬಂದ ‘ಸೈಕೋ’ ಅನ್ನೋ ಸಿನಿಮಾಕ್ಕೆ ಅವರು ಸಂಗೀತ ಕೊಟ್ಟಿದ್ದರು. ಅದರಲ್ಲಿದ್ದ ಮಾದೇಶ್ವರನ ಹಾಡು ಬೆಂಕಿ ಥರ ಹಬ್ಬಿತು. ಆಟೋದಲ್ಲಿ ಅದೇ, ಗಣಪತಿ ಪೆಂಡಾಲಿನಲ್ಲಿ ಅದೇ, ಮದುವೆ ಆರ್ಕೆಸ್ಟ್ರಾದಲ್ಲಿ ಅದೇ. ಸಿನಿಮಾ ನೋಡದವರೂ ಹಾಡು ಹಾಡುತ್ತಿದ್ದರು. ಮಲೆ ಮಾದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಮಳವಳ್ಳಿ, ಮದ್ದೂರಿನ ಹುಡುಗರ ಫೋನುಗಳಲ್ಲಿ ಅದು ಕಂಸಾಳೆ ಪದಗಳ ಪಕ್ಕದಲ್ಲೇ ಕೂತಿತ್ತು.

ಒಬ್ಬನೇ ಗಾಯಕ, ಒಂದೇ ವರ್ಷ, ಎರಡರಲ್ಲೂ ಕನ್ನಡ, ಎರಡರಲ್ಲೂ ಗಿಟಾರು. ಒಂದು ಲಂಡನ್ನಿಗೆ ಹೋಯಿತು, ಇನ್ನೊಂದು ಮಳವಳ್ಳಿಗೆ ಬಂತು. ಭಾಷೆ ಒಂದೇ ಕಾರಣ ಆಗಿದ್ದರೆ ಶರೀಫರ ಪದವೂ ಬರಬೇಕಿತ್ತಲ್ವಾ? ಬರಲಿಲ್ಲ, ಯಾಕಂದರೆ ಅದು ಬರೋಕೆ ಕಾಲುವೆ ಇರಲಿಲ್ಲ.

ವಿಶ್ವೇಶ್ವರಯ್ಯ ನಾಲೆ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆ ತುಂಬಿದೆ ಅಂತ ಪೇಪರಲ್ಲಿ ಬರುತ್ತೆ. ಬಾಗಿನ ಬಿಡ್ತಾರೆ. ನಾಲೆಗೆ ನೀರು ಬಿಟ್ಟರು ಅಂತಲೂ ಸುದ್ದಿ ಬರುತ್ತೆ. ಆದರೆ ಮದ್ದೂರು, ಮಳವಳ್ಳಿಯ ಕೊನೇ ಭಾಗದ ರೈತನ ಗದ್ದೆಗೆ ಆ ನೀರು ಬರೋಹೊತ್ತಿಗೆ ಒಟ್ಲು ಪಾತಿಯ ಪೈರು ಒಣಗಿರುತ್ತೆ. ನೀರು ಇಲ್ಲ ಅಂತಲ್ಲ. ಮಧ್ಯದಲ್ಲಿ ಹೂಳು, ಒಡೆದ ತೂಬು, ಮೇಲಿನವರ ಪಂಪ್‌ಸೆಟ್ಟು. ಹಾಡಿನ ಕತೆಯೂ ಹೀಗೇ. ಆಲ್ಬಂ ಮಾಡೋದು ಕಟ್ಟೆ ತುಂಬಿದ ಹಾಗೆ. ಅದು ಯಾರ ಕಿವಿಗೆ ಹರೀತು ಅನ್ನೋದು ನಾಲೆಯ ಲೆಕ್ಕ.

ನಮ್ಮಲ್ಲಿ ಸಿನಿಮಾ ಒಂದೇ ದೊಡ್ಡ ನಾಲೆ ಅನ್ನೋದು ಈಗಿನ ಮಾತು. ಮೊದಲು ಹಾಗಿರಲಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಅಲ್ಲಿಂದ ಮುಂದೆ ಭಾವಗೀತೆಯ ಕ್ಯಾಸೆಟ್ಟುಗಳದ್ದೇ ಒಂದು ಕಾಲ. ಅವನ್ನ ಧ್ವನಿಸುರುಳಿ ಅಂತಿದ್ದರು. ಸಿನಿಮಾದ ಹಂಗಿಲ್ಲದೆ, ಒಂದೇ ಮನಸ್ಸಿನಿಂದ ಕಟ್ಟಿದ ಎಂಟೋ ಹತ್ತೋ ಹಾಡು. ಇಂಗ್ಲಿಷಿನವರು ಆಲ್ಬಂ ಅನ್ನೋದು ಇದಕ್ಕೇ ತಾನೆ? ನಮ್ಮ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ ಓದದವರೂ ಹಾಡಿಕೊಂಡದ್ದು ಕ್ಯಾಸೆಟ್ಟಿನ ದಯೆಯಿಂದ.

ಹಳ್ಳಿ ಕಡೆಯ ಕ್ಯಾಸೆಟ್ಟಿನ ಲೋಕ ಇನ್ನೊಂದು. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರನ ಕತೆ ಕೇಳದ ಮನೆ ನಮ್ಮ ಕಡೆ ಕಮ್ಮಿ. ರಾತ್ರಿಯಿಡೀ ನಡೆಯುವ ಕತೆಯನ್ನ ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಹೊಂದಿಸೋದು ಸಾಮಾನ್ಯ ಕೆಲಸ ಅಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಹಾಡುತ್ತಾ ಬಂದ ಪದಗಳು ಅವು. ಅವರಿಗೂ ಒಬ್ಬ ಮುಮ್ಮೇಳದವನು, ಹಿಂದೆ ದನಿಗೂಡಿಸುವವರು, ತಾಳದವರು. ಬ್ಯಾಂಡ್ ಅನ್ನೋ ಪದ ಒಂದೇ ಇರಲಿಲ್ಲ ಅಷ್ಟೆ.

ಕ್ಯಾಸೆಟ್ಟು ಹೋಯ್ತು, ಸಿಡಿ ಬಂದು ಬೇಗ ಹೋಯ್ತು. ಸ್ವರಾತ್ಮ, ರಘು ದೀಕ್ಷಿತ್ ಆಲ್ಬಂ ಬಂದ ಹೊತ್ತಿಗೆ ಮದ್ದೂರು ಬಸ್‌ಸ್ಟ್ಯಾಂಡ್ ಸುತ್ತಲಿನ ಮೊಬೈಲ್ ಅಂಗಡಿಗಳು ನಮ್ಮ ಆಡಿಯೋ ಕಂಪನಿಗಳಾಗಿದ್ದವು. ಮೆಮೊರಿ ಕಾರ್ಡ್ ಕೊಟ್ಟು ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟರೆ ಕಾರ್ಡು ತುಂಬಿಸಿ ಕೊಡೋರು. ಅಂಗಡಿಯವನ ಕಂಪ್ಯೂಟರಲ್ಲಿ ‘ಹೊಸ ಫಿಲಂ’, ‘ಹಳೇ ಫಿಲಂ’, ‘ರಾಜಣ್ಣ’, ‘ದೇವರ ಸಾಂಗ್’, ‘ಜಾನಪದ’ ಅಂತ ಫೋಲ್ಡರುಗಳು. ‘ರಾಕ್ ಬ್ಯಾಂಡ್’ ಅನ್ನೋ ಫೋಲ್ಡರ್ ಯಾರ ಹತ್ರಾನೂ ಇರಲಿಲ್ಲ. ಫೋಲ್ಡರ್ ಇಲ್ಲದ ಹಾಡಿಗೆ ಊರು ಸೇರೋ ದಾರಿ ಇಲ್ಲ. ಸಾಫ್ಟ್‌ವೇರಿನವನಾಗಿ ಹೇಳ್ತೀನಿ, ಜಗತ್ತಿನ ಅರ್ಧ ಸಮಸ್ಯೆ ಫೋಲ್ಡರಿನದ್ದೇ.

ನಮ್ಮ ವೃತ್ತಿಯ ಇನ್ನೊಂದು ಮಾತೂ ಇಲ್ಲಿ ಉಪಯೋಗಕ್ಕೆ ಬರುತ್ತೆ. ಪ್ರೋಗ್ರಾಂ ಕೆಲಸ ಮಾಡ್ತಿಲ್ಲ ಅಂತ ಯಾರಾದರೂ ದೂರು ಕೊಟ್ಟರೆ ಬರೆದವನು ಮೊದಲು ಹೇಳೋದು, ‘ನನ್ನ ಮಷೀನಲ್ಲಿ ಚೆನ್ನಾಗೇ ಓಡ್ತಿದೆಯಲ್ಲ!’ ಆಲ್ಬಂ ಮಾಡುವಾಗಲೂ ಈ ಅಪಾಯ ಇದೆ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯುತ್ತಾರೆ. ಡ್ರಮ್ಸ್ ಒಂದಕ್ಕೇ ಹಲವು ಮೈಕು. ಎಲ್ಲರ ಕಿವಿಗೂ ಒಂದೇ ಟಕ್‌ಟಕ್ ತಾಳ ಕೊಟ್ಟು ನುಡಿಸುತ್ತಾರೆ. ಆಮೇಲೆ ಎಲ್ಲವನ್ನೂ ಕೂಡಿಸಿ, ಯಾವುದು ಮುಂದೆ ಯಾವುದು ಹಿಂದೆ ಅಂತ ಹದ ಮಾಡೋದು ಮಿಕ್ಸಿಂಗ್. ಇಡೀ ಆಲ್ಬಮಿನ ಹಾಡುಗಳಿಗೆ ಒಂದೇ ಮಟ್ಟದ ದನಿ ಕೂರಿಸೋದು ಮಾಸ್ಟರಿಂಗ್. ಇದೆಲ್ಲ ನಡೆಯೋದು ಸದ್ದೇ ನುಗ್ಗದ ಕೋಣೆಯಲ್ಲಿ, ಒಳ್ಳೇ ಸ್ಪೀಕರುಗಳ ಮುಂದೆ. ಸ್ವರಾತ್ಮದವರಿಗೆ ಇದರ ಅನುಭವ ಚೆನ್ನಾಗೇ ಇತ್ತು. ಬ್ರಿಟಿಷ್ ಕೌನ್ಸಿಲ್ಲಿನ ಸೌಂಡ್‌ಪ್ಯಾಡ್ ಯೋಜನೆಯಲ್ಲಿ ರೇಡಿಯೋಹೆಡ್ ಬ್ಯಾಂಡಿನ ‘ದಿ ಬೆಂಡ್ಸ್’ ಆಲ್ಬಂ ಮಾಡಿಸಿದ ಜಾನ್ ಲೆಕಿ ಇವರ ಹಾಡುಗಳನ್ನ ರೆಕಾರ್ಡ್ ಮಾಡಿದರು. 2012ರ ಎರಡನೇ ಆಲ್ಬಂ ‘ಟೋಪಿವಾಲೆ’ಯನ್ನ ಶಂಕರ್ ಎಹ್ಸಾನ್ ಲಾಯ್ ಮೂವರಲ್ಲಿ ಒಬ್ಬರಾದ ಲಾಯ್ ಮೆಂಡೋನ್ಸಾ ಮಾಡಿಸಿದರು.

ಆದರೆ ಊರಿನ ಮಷೀನೇ ಬೇರೆ. ನಮ್ಮ ಜಾತ್ರೆ, ಪೆಂಡಾಲುಗಳಲ್ಲಿ ಮರಕ್ಕೆ ಕಟ್ಟೋದು ಕಹಳೆಯಂಥ ಹಾರ್ನ್ ಸ್ಪೀಕರು. ಜೇಬಿನಲ್ಲಿರೋದು ಫೋನಿನ ಪುಟ್ಟ ಸ್ಪೀಕರು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ನಾದ ಸುಮಾರು 41 ಹರ್ಟ್ಸ್. ದೊಡ್ಡ ಡ್ರಮ್ಮಿನ ಗುದ್ದು ಇರೋದೂ 50ರಿಂದ 100 ಹರ್ಟ್ಸಿನ ಆಸುಪಾಸು. ಫೋನಿನ ಸ್ಪೀಕರಾಗಲಿ ಹಾರ್ನ್ ಆಗಲಿ ಅಷ್ಟು ತಗ್ಗಿನ ಸದ್ದನ್ನ ಹೊರಡಿಸೋದೇ ಇಲ್ಲ. ಅಂದರೆ ರಾಕ್ ಹಾಡಿನ ಎದೆ ಬಡಿತವೇ ಮಾಯ. ಉಳಿಯೋದು ಮಧ್ಯದ್ದು, ಮೇಲಿನದ್ದು: ಮನುಷ್ಯನ ದನಿ, ಪಿಟೀಲು, ಕಂಸಾಳೆಯ ಕಂಚಿನ ಸದ್ದು, ಗಗ್ಗರದ ಝಲ್ಲು. ಬಯಲಲ್ಲಿ ಮೈಕಿಲ್ಲದೆ ನೂರಾರು ಜನಕ್ಕೆ ಕೇಳಿಸಬೇಕಾದ ವಾದ್ಯಗಳು ತಾನೆ ಅವು? ಅದಕ್ಕೇ ಕೆಟ್ಟ ಸ್ಪೀಕರಲ್ಲೂ ಅವು ಸಾಯಲ್ಲ.

ಮಾದೇಶ್ವರನ ಹಾಡು ಮಳವಳ್ಳಿಯ ಹಾರ್ನಿನಲ್ಲೂ ಗೆದ್ದದ್ದಕ್ಕೆ ಸಿನಿಮಾ ಒಂದು ಕಾರಣ, ಈ ಪರೀಕ್ಷೆಯಲ್ಲಿ ಪಾಸಾದದ್ದು ಇನ್ನೊಂದು ಕಾರಣ. ಗಿಟಾರು, ಡ್ರಮ್ಸ್ ತೆಗೆದರೂ ಹಾಡು ನಿಲ್ಲುತ್ತೆ. ಯಾಕಂದರೆ ಅದರ ಬುಡ ಜನಪದದ್ದು, ಬರೀ ಬಾಯಲ್ಲಿ ಹಾಡಿ ಹಾಡಿ ಗಟ್ಟಿಯಾದದ್ದು. ‘ಸೋಜುಗದ ಸೂಜುಮಲ್ಲಿಗೆ’ಯನ್ನೇ ನೋಡಿ. ಅದೂ ಮಾದೇಶ್ವರನದ್ದೇ ಪದ. ಎಷ್ಟು ಜನ ಹಾಡಿದರು, ಮೈಸೂರಿನ ಅನನ್ಯಾ ಭಟ್ ದನಿಯಲ್ಲಿ ಎಲ್ಲಿಗೆಲ್ಲ ಹೋಯಿತು, 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲಿ ಮಂಗಳೂರಿನ ಭೂಗತ ಲೋಕದ ಕತೆಯ ನಡುವೆ ಬಂದಾಗಲೂ ಹೊಂದಿಕೊಂಡಿತು. ‘ಪ್ಯಾಸಿ’ಯಲ್ಲೂ ಆ ಗಟ್ಟಿತನ ಇದೆ ಅಂತ ನನ್ನ ನಂಬಿಕೆ. ಪಿಟೀಲು ಮತ್ತು ದನಿ ಎರಡೇ ಇದ್ದರೂ ನಿಲ್ಲುವ ಹಾಡು ಅದು. ಅದನ್ನ ಹಾರ್ನಿಗೆ ಹಾಕಿ ನೋಡಿದವರೇ ಇಲ್ಲ ಅಷ್ಟೆ.

ಇಲ್ಲೊಂದು ನ್ಯಾಯದ ಮಾತೂ ಬರುತ್ತೆ. ಬ್ಯಾಂಡಿನವರು ಊರಿಂದ ಪದ ತಗೊಳ್ತಾರೆ, ಊರಿಗೆ ವಾಪಸ್ ಏನು ಬರುತ್ತೆ ಅಂತ ಕೇಳುವವರಿದ್ದಾರೆ. ಜನಪದ ಹಾಡಿಗೆ ಬರೆದವರ ಹೆಸರಿಲ್ಲ, ಆದ್ದರಿಂದ ಯಾರು ಬೇಕಾದರೂ ಹಾಡಬಹುದು. ಆದರೆ ಹಾಡಿ ರೆಕಾರ್ಡ್ ಮಾಡಿದ ಕೂಡಲೇ ಆ ರೆಕಾರ್ಡಿಗೆ ಒಡೆಯರು ಹುಟ್ಟುತ್ತಾರೆ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಅದು ಬಿಡುಗಡೆಯಾದ ಮೇಲೆ 60 ವರ್ಷ ಅವರದ್ದು. ತಲೆಮಾರುಗಳಿಂದ ಪದ ಕಾಪಾಡಿಕೊಂಡು ಬಂದ ನೀಲಗಾರನಿಗೆ, ದೇವರಗುಡ್ಡನಿಗೆ ಇದರಲ್ಲಿ ಪಾಲಿಲ್ಲ. ಇದು ಯಾವುದೋ ಒಂದು ಬ್ಯಾಂಡಿನ ತಪ್ಪಲ್ಲ, ಕಾನೂನು ಇರೋದೇ ಹೀಗೆ. ಅದಕ್ಕೇ ಊರಿಗೆ ಸಲ್ಲಬೇಕಾದ್ದನ್ನ ಬೇರೆ ಥರದಲ್ಲಿ ಸಲ್ಲಿಸಬೇಕು. ಪದ ಹೇಳಿಕೊಟ್ಟವರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾಡಬಹುದು, ಅವರ ಹೆಸರು ಹಾಕಬಹುದು, ಅವರಿಗೂ ಸಂಭಾವನೆ ಕೊಡಬಹುದು. ಎಲ್ಲಕ್ಕಿಂತ ಸುಲಭದ್ದು, ಹಾಡನ್ನ ಹುಟ್ಟಿದೂರಿಗೆ ಕರೆದುಕೊಂಡು ಬರೋದು.

ಬ್ಯಾಂಡಿನವರ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಐದಾರು ಜನ, ಅವರ ವಾದ್ಯ, ಸೌಂಡ್ ಇಂಜಿನಿಯರು, ಓಡಾಟ. ಒಂದು ಕಾರ್ಯಕ್ರಮಕ್ಕೆ ಇಷ್ಟೂ ಖರ್ಚು ಹುಟ್ಟಬೇಕು. ಅದು ಹುಟ್ಟೋದು ಬೆಂಗಳೂರಿನ ಕಾಲೇಜು ಫೆಸ್ಟಿನಲ್ಲಿ, ಕಂಪನಿಗಳ ವಾರ್ಷಿಕೋತ್ಸವದಲ್ಲಿ, ಟಿಕೆಟ್ ಇಟ್ಟ ಹಾಲಿನಲ್ಲಿ. ಅಲ್ಲಿ ಎಲ್ಲ ರಾಜ್ಯದವರು ಕೂತಿರುತ್ತಾರೆ, ಹಾಗಾಗಿ ಹಿಂದಿ ಬೇಕಾಗುತ್ತೆ. ಕನ್ನಡದಲ್ಲೇ ಹಾಡಿ ಅಂತ ನಾವು ಹೇಳೋದು ಸುಲಭ. ಹಾಡಿದಾಗ ಟಿಕೆಟ್ ತಗೊಂಡು ನಾವು ಹೋಗ್ತೀವಾ? ಊರ ಹಬ್ಬಕ್ಕೆ ಆರ್ಕೆಸ್ಟ್ರಾದವರಿಗೆ ಕೊಡೋ ದುಡ್ಡನ್ನ ಸ್ವಂತ ಹಾಡು ಹಾಡೋ ತಂಡಕ್ಕೆ ಕೊಡ್ತೀವಾ? ‘ನಿಮ್ಮ ಹಾಡು ಸಾಕು, ಒಂದು ಫಿಲಂ ಸಾಂಗ್ ಹೊಡೀರಿ’ ಅನ್ನೋ ಕೂಗು ಮೊದಲ ಹಾಡಿಗೇ ಬರುತ್ತೆ. ಕೊನೇ ಭಾಗಕ್ಕೆ ನೀರು ಬರಬೇಕಾದರೆ ಕೊನೇ ಭಾಗದವರೂ ತಮ್ಮ ಪಾಲಿನ ಹೂಳು ಎತ್ತಬೇಕು.

ಈಗ ಕಾಲ ಬದಲಾಗಿದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಜಾಸ್ತಿ ಕೊಟ್ಟಿತು. ಅದೇ ವರ್ಷ ಸ್ವರಾತ್ಮದ ಮೂರನೇ ಆಲ್ಬಂ ‘ರಾಹ್-ಎ-ಫಕೀರಾ’ ಬಂತು. ಅಷ್ಟರಲ್ಲಿ ಅಗ್ಗದ ಇಂಟರ್ನೆಟ್ ಹಳ್ಳಿ ಹಳ್ಳಿಗೂ ಬಂದಿತ್ತು, ಮೆಮೊರಿ ಕಾರ್ಡಿನ ಅಂಗಡಿಗಳು ಸ್ಕ್ರೀನ್‌ಗಾರ್ಡ್ ಹಾಕೋ ಅಂಗಡಿಗಳಾಗಿದ್ದವು. ಇವತ್ತು ‘ಪ್ಯಾಸಿ’ಯೂ ಶರೀಫರ ಪದವೂ ಮಹದೇವಸ್ವಾಮಿಯವರ ಕತೆಯೂ ಒಂದೇ ಫೋನಲ್ಲಿ, ಒಂದೇ ಹುಡುಕಾಟದ ದೂರದಲ್ಲಿವೆ. ಆದರೆ ಹುಡುಕಬೇಕಾದರೆ ಇದೆ ಅಂತ ಗೊತ್ತಿರಬೇಕಲ್ವಾ? ನಾವು ಬರೆಯೋ ಪ್ರೋಗ್ರಾಮುಗಳು ನಿನ್ನೆ ಕೇಳಿದ್ದನ್ನೇ ಇವತ್ತೂ ಮುಂದಿಡುತ್ತವೆ. ಸಿನಿಮಾ ಹಾಡು ಕೇಳಿದವನಿಗೆ ಇನ್ನೊಂದು ಸಿನಿಮಾ ಹಾಡು. ಅಂಗಡಿಯವನ ಫೋಲ್ಡರು ಹೋಗಿ ಕಂಪ್ಯೂಟರಿನ ಫೋಲ್ಡರು ಬಂದಿದೆ, ಅಷ್ಟೇ ವ್ಯತ್ಯಾಸ.

2023ರ ಸೆಪ್ಟೆಂಬರಿನಲ್ಲಿ ಮತ್ತೆ ಮಳೆ ಕಮ್ಮಿಯಾಗಿ ಮತ್ತೆ ಬಂದ್ ಆಯಿತು. ಮತ್ತೆ ಅದೇ ಹೈವೇ, ಅದೇ ಘೋಷಣೆ. ರೈತರ ಹೋರಾಟದಲ್ಲಿ ಹಾಡಿಗೆ ಯಾವತ್ತೂ ಜಾಗ ಇದೆ. ಧರಣಿಯಲ್ಲಿ ಕೂತವರಿಗೆ ಹೊತ್ತು ಹೋಗಬೇಕು, ಧೈರ್ಯವೂ ಬೇಕು. ಅಲ್ಲಿ ಕೇಳಿಬರೋ ಹಾಡುಗಳಲ್ಲಿ ನಾವು ಮಾತಾಡ್ತೀವಿ, ನೇಗಿಲು ಮಾತಾಡುತ್ತೆ, ನಾಡು ಮಾತಾಡುತ್ತೆ. ನದಿ ಮಾತಾಡಿದ್ದನ್ನ ನಾನು ಕೇಳಿಲ್ಲ. ಪಕ್ಷ ಹಿಡಿಯದ ಹಾಡು ಧರಣಿಗೆ ಹೊಂದುತ್ತಾ ಅಂತ ಕೇಳಬಹುದು. ನನ್ನ ಪ್ರಕಾರ ಹೊಂದುತ್ತೆ. ನೀರಿಲ್ಲದ ವರ್ಷ ಮದ್ದೂರಿನ ಕೊನೇ ಭಾಗದ ರೈತನೂ ತಂಜಾವೂರಿನ ಕೊನೇ ಭಾಗದ ರೈತನೂ ನೋಡೋದು ಒಂದೇ ಥರದ ಬಿರುಕು ಬಿಟ್ಟ ಗದ್ದೆ. ನಮ್ಮ ಪಾಲು ಕೇಳೋದು ನಮ್ಮ ಹಕ್ಕು, ಅದರಲ್ಲಿ ರಾಜಿ ಇಲ್ಲ. ಆದರೆ ಕೇಳುವ ಹೊತ್ತಲ್ಲಿ ನದಿಯ ಸ್ಥಿತಿ ಏನು ಅಂತಲೂ ಯಾರಾದರೂ ನೆನಪಿಸಬೇಕು. ಮರಳು ತೆಗೆದು, ಚರಂಡಿ ಬಿಟ್ಟು, ದಡ ಒತ್ತುವರಿ ಮಾಡಿದವರಲ್ಲಿ ಎರಡೂ ರಾಜ್ಯದವರಿದ್ದೀವಿ.

ಹಾಗಾಗಿ ನನ್ನದೊಂದು ಸಣ್ಣ ಬೇಡಿಕೆ. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಸರ್ಕಾರ ಜಲಪಾತೋತ್ಸವ ಮಾಡುತ್ತೆ. ಕಾವೇರಿ ಧುಮುಕುವ ಜಾಗದಲ್ಲೇ ವೇದಿಕೆ, ದೊಡ್ಡ ಲೈಟು, ಸಿನಿಮಾ ಗಾಯಕರ ರಸಮಂಜರಿ. ಇರಲಿ, ಅದೂ ಬೇಕು. ಒಂದು ವರ್ಷ ಒಂದೇ ಒಂದು ಗಂಟೆ ಈ ಬ್ಯಾಂಡಿನವರನ್ನೂ ನಮ್ಮ ನೀಲಗಾರರನ್ನೂ ಒಟ್ಟಿಗೆ ನಿಲ್ಲಿಸಿ. ‘ಪ್ಯಾಸಿ’ಯನ್ನ ಕನ್ನಡಕ್ಕೆ ತರೋಕೆ ನಮ್ಮ ಜಿಲ್ಲೆಯಲ್ಲಿ ಕವಿಗಳಿಗೇನು ಬರವಿಲ್ಲ. ಗಿಟಾರಿನ ಪಕ್ಕ ತಂಬೂರಿ ಇರಲಿ, ಡ್ರಮ್ಸಿನ ಪಕ್ಕ ಗಗ್ಗರ ಇರಲಿ. ದೊಡ್ಡಪ್ಪ ಹೇಳಿದ ಹಾಗೆ ಒಂದು ಸಲ ಕನ್ನಡದಲ್ಲಿ, ಧೈರ್ಯ ಇದ್ದರೆ ಇನ್ನೊಂದು ಸಲ ತಮಿಳಲ್ಲಿ. ಬೆಂಗಳೂರಿನ ಸಭಾಂಗಣದಲ್ಲಿ ಅದಕ್ಕೆ ಸಿಗೋ ಚಪ್ಪಾಳೆ ಬೇರೆ. ಕೆಳಗೆ ನೀರು ಹರಿಯೋ ಸದ್ದು ಕೇಳಿಸುವಾಗ, ಆ ನೀರನ್ನೇ ನಂಬಿ ಕೂತವರು ತಟ್ಟೋ ಚಪ್ಪಾಳೆ ಬೇರೆ. ಎರಡನೆಯದು ಸಿಗೋ ತನಕ ಆ ಆಲ್ಬಂ ಅರ್ಧ ಮಾತ್ರ ಬಿಡುಗಡೆಯಾಗಿದೆ ಅಂತ ನನ್ನ ಲೆಕ್ಕ.

ಅಲ್ಲಿ ತನಕ ಓದುಗರು ಒಂದು ಕೆಲಸ ಮಾಡಬಹುದು. ಇವತ್ತು ರಾತ್ರಿ ಊಟ ಆದ ಮೇಲೆ ಆ ಹಾಡನ್ನ ಹುಡುಕಿ, ಮನೆಯ ಹಿರಿಯರ ಪಕ್ಕ ಕೂತು ಕೇಳಿಸಿ. ಹಿಂದಿ ಬರದಿದ್ದರೆ ಅರ್ಥ ಬಿಡಿಸಿ ಹೇಳಿ. ಇಯರ್‌ಫೋನ್ ಮಾತ್ರ ಬೇಡ. ಫೋನಿನ ಸ್ಪೀಕರಲ್ಲೇ ಹಾಕಿ, ಪಕ್ಕದ ಮನೆಯವರಿಗೂ ಕೇಳಿಸಲಿ.